ಜೂಕ್ ಎಂಬ ಬಡಗಿ ಇರಲೇ ಇಲ್ಲ

ಜೂಕ್ ಎಂಬ ಬಡಗಿ ಯಾವ ದೇಶದಲ್ಲೂ ಇರಲಿಲ್ಲ. ಅವನನ್ನು ಹುಟ್ಟಿಸಿದವನು ನಾನು. ಅವನಿಗೊಬ್ಬಳು ಕಣ್ಣು ಕಾಣದ ಮಗಳನ್ನು ಕೊಟ್ಟವನೂ ನಾನೇ. ಕಾಸು ಹಾಕಿದರೆ ಹಾಡು ಕೇಳಿಸುವ ಪೆಟ್ಟಿಗೆಗೆ ಜೂಕ್‌ಬಾಕ್ಸ್ ಎಂಬ ಹೆಸರು ಬಂದದ್ದು ಆ ಬಡಗಿಯಿಂದ ಎಂದು ದುಬೈಯ ದೇರಾದ ಒಂದು ಗೋಡೆಯ ಮೇಲೆ ಆರು ವರ್ಷಗಳಿಂದ ನೇತಾಡುತ್ತಿರುವ ಬೋರ್ಡನ್ನು ಬರೆದವನು ನಾನು. ಅದು ತಪ್ಪೆಂದು ಗೊತ್ತಾದ ದಿನ, ‘ಲಾರೆನ್ಸ್ ಹೇಳಿದ್ದು’ ಎಂದು ನಾಲ್ಕು ಜನರ ಎದುರು ಬೆರಳು ತೋರಿಸಿದವನೂ ನಾನು. ಲಾರೆನ್ಸ್ ಹಾಗೆ ಹೇಳಿರಲಿಲ್ಲ.

ಇದನ್ನೆಲ್ಲ ನಮ್ಮ ಧಣಿಗಳಿಗೂ ಬರೆದು ಕಳಿಸಿದ್ದೇನೆ. ಉತ್ತರ ಬಂದಿಲ್ಲ. ನನ್ನ ವೀಸಾ ಅವರ ಕಂಪನಿಯದ್ದು, ಮನೆಯವರ ವೀಸಾ ನನ್ನದರ ಮೇಲೆ ನಿಂತಿದೆ, ಹಾಗಾಗಿ ಅವರು ಏನು ಮಾಡಬಹುದೆಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾಡುವುದಾದರೆ ಮಾಡಲಿ. ನನಗೆ ಸಾಕಾಗಿದೆ. ನಿಜವಾಗಿ ಸಾಕಾಗಿ ಹೋಗಿದೆ.

ಯಾಕೆಂದರೆ ಆ ಬಡಗಿ ನನ್ನನ್ನು ಬಿಡುತ್ತಲೇ ಇಲ್ಲ. ನಾನು ಬಿಟ್ಟ ಬುರುಡೆ ಊರೆಲ್ಲ ಸುತ್ತಿ ನನ್ನದೇ ಫೋನಿಗೆ ಬಂದು ಬೀಳುತ್ತದೆ. ಸಂಘದ ಗ್ರೂಪಿನಲ್ಲಿ ಬಂತು. ಕಟ್ಟಡದವರ ಗ್ರೂಪಿನಲ್ಲಿ ಬಂತು. ಮಸ್ಕತ್ತಿನಲ್ಲಿರುವ ಹೆಂಡತಿಯ ಚಿಕ್ಕಪ್ಪ ಕೈಮುಗಿದ ಚಿತ್ರಗಳ ಸಮೇತ ಕಳಿಸಿ, ‘ಓದಿ ಕಣ್ಣು ಒದ್ದೆಯಾಯಿತು, ನೀನೂ ಓದು’ ಎಂದರು. ಕಳೆದ ವರ್ಷ ಶಾರ್ಜಾದಲ್ಲಿ ಒಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆಯ ಊಟಕ್ಕೆ ಕೂತಿದ್ದಾಗ ಮಾತು ಎಲ್ಲೆಲ್ಲೋ ಹೋಗಿ ಅಲ್ಲಿಗೇ ಬಂತು — ಕಾಲಿಲ್ಲದ ಮಗಳು ಎಂದೇನೋ ಹೇಳಿ ಮುಗಿಸೋಣವೆಂದು ನಾನು ಬಾಯಿ ತೆರೆದರೆ, ಪಕ್ಕದ ಎಲೆಯವರು ನನ್ನನ್ನೇ ತಿದ್ದಿದರು. “ಅಲ್ಲ ಮಾರಾಯ್ರೆ, ಮಗಳಿಗೆ ಕಾಲಿಲ್ಲದ್ದಲ್ಲ, ಕಣ್ಣಿಲ್ಲದ್ದು. ಸರಿಯಾಗಿ ಓದಿ.” ನಾನು ಸರಿಯಾಗಿ ಓದುತ್ತೇನೆ ಎಂದೆ. ಇನ್ನೇನು ಹೇಳಲಿ?

ಲಾರೆನ್ಸ್ ಯಾರೆಂದು ಮೊದಲು ಹೇಳಬೇಕು.

ನಾನು ಕಾಪುವಿನವನು, ತುಳು ಮಾತಾಡುವವನು. ನಮ್ಮ ಕಡೆ ಕೊಂಕಣಿ ಕ್ರಿಶ್ಚಿಯನ್ ಹಿರಿಯರನ್ನು ಮರ್ಯಾದೆಯಿಂದ ಪೊರ್ಬುಲು ಎನ್ನುತ್ತೇವೆ. ಲಾರೆನ್ಸರನ್ನು ನಾನು ಮೊದಲ ದಿನದಿಂದ ಪೊರ್ಬುಲೆ ಎಂದೇ ಕರೆದದ್ದು. ಅವರು ಕಿನ್ನಿಗೋಳಿಯವರು, ಆದರೆ ಊರಲ್ಲಿದ್ದದ್ದು ಮೀಸೆ ಮೂಡುವವರೆಗೆ ಮಾತ್ರ. ಆಮೇಲೆ ಬೊಂಬಾಯಿಯಲ್ಲಿ ಕೆಲವು ವರ್ಷ ಹೋಟೆಲುಗಳ ಹಾಡಿನ ಪೆಟ್ಟಿಗೆ ರಿಪೇರಿ ಮಾಡುತ್ತಿದ್ದರು. ಅಲ್ಲಿಂದ ಅಬುಧಾಬಿ. ಮೂವತ್ತೆಂಟು ವರ್ಷ ಇಲ್ಲೇ. ಮದುವೆಯಾಗಿರಲಿಲ್ಲ. ಅಲ್ಲಿನ ಕಾರ್ಖಾನೆ ಬಡಾವಣೆ ಮುಸಫ್ಫಾದಲ್ಲಿ ನಮ್ಮ ಧಣಿಗಳ ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲಿ ಅವರ ಮಂಚ, ಅವರ ಸ್ಟವ್, ಗೋಡೆಗೆ ಏಸುವಿನ ಒಂದು ಪಟ. ಭಾನುವಾರ ಇಗರ್ಜಿಯಲ್ಲಿ ಅವರಿಗೆ ಕೈಮುಗಿಯುವವರೇ ಸಾಲಾಗಿ ನಿಲ್ಲುತ್ತಿದ್ದರು, ಯಾರ ಫ್ರಿಜ್ಜು, ಯಾರ ಫ್ಯಾನು, ಯಾರ ಮಿಕ್ಸಿ ಅವರ ಕೈಯಲ್ಲಿ ಎದ್ದು ಕೂತಿಲ್ಲ ಹೇಳಿ.

“ಊರಿನಲ್ಲಿ ನನ್ನನ್ನು ಯಾರಿಗೆ ಗೊತ್ತುಂಟು ಹರೀಶ?” ಎಂದು ಒಮ್ಮೆ ಕೇಳಿದ್ದರು. “ತಮ್ಮನ ಮನೆಗೆ ಹೋದ್ರೆ ನೆಂಟ ನಾನು. ಇಲ್ಲಿ ಆದ್ರೆ ಲಾರೆನ್ಸ್. ಇನ್ನೆರಡು ವರ್ಷ ವೀಸಾ ಸಿಕ್ಕಿದ್ರೆ ಸಾಕು. ಕೈ ನಡೆಯುವಷ್ಟು ದಿನ ಇಲ್ಲಿರ್ತೇನೆ, ಮತ್ತೆ ನೋಡುವ.”

ಅವರಿಗೆ ಬೇಕಾಗಿದ್ದದ್ದು ಅಷ್ಟೇ. ಅರವತ್ತು ದಾಟಿದವರ ವೀಸಾ ಮುಂದುವರಿಯಬೇಕಾದರೆ ಕಂಪನಿಯೇ ಮುಂದೆ ನಿಂತು ಕೇಳಬೇಕು. ಅವರಿಗೆ ಅರವತ್ತು ತುಂಬಲು ಎರಡು ತಿಂಗಳಿತ್ತು. ಧಣಿಗಳು ಮಾಡಿಕೊಡುತ್ತೇನೆ ಎಂದಿದ್ದರು.

ಧಣಿಗಳ ವ್ಯಾಪಾರ ಹಲವು ತೆರನಾದದ್ದು, ಅದರ ನಡುವೆ ಅವರಿಗೊಂದು ಖಯಾಲಿ ಹತ್ತಿತ್ತು: ಕಾಸು ಹಾಕಿ ಆಡುವ ಹಳೆಯ ಯಂತ್ರಗಳನ್ನು ಒಟ್ಟು ಮಾಡುವುದು. ಹಾಡಿನ ಪೆಟ್ಟಿಗೆಗಳು, ಗುಂಡು ಉರುಳಿಸುವ ಪಿನ್‌ಬಾಲ್ ಮೇಜುಗಳು, ಕಣ್ಣಿಟ್ಟು ಹಿಡಿ ತಿರುಗಿಸಿದರೆ ಚಿತ್ರಗಳು ಓಡುವ ಡಬ್ಬಗಳು. ಹಡಗಿನಲ್ಲಿ ತರಿಸಿ ಮುಸಫ್ಫಾದಲ್ಲಿ ಇಳಿಸುತ್ತಿದ್ದರು. ಒಂದೊಂದನ್ನೇ ಲಾರೆನ್ಸ್ ಬಿಚ್ಚಿ, ತೊಳೆದು, ಜೀವ ತುಂಬಿಸುತ್ತಿದ್ದರು. ಒಳಗೆ ಸುಳ್ಳು ಕಾಸನ್ನು ಹಿಡಿಯಲು ಒಂದು ಅಯಸ್ಕಾಂತ, ತೂಕ ಸರಿಯಿಲ್ಲದ್ದನ್ನು ಹೊರಗೆ ಜಾರಿಸಲು ಬೆರಳುಗಾತ್ರದ ತಕ್ಕಡಿ — ಕಾಸು ಬೀಳುವ ಸದ್ದು ಕೇಳಿಯೇ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹೇಳುತ್ತಿದ್ದರು ಅವರು. ಅವೆಲ್ಲವನ್ನೂ ದೇರಾದ ಒಂದು ಮಹಡಿಯಲ್ಲಿ ಜೋಡಿಸಿ, ಟಿಕೇಟು ಇಟ್ಟು, ಮಕ್ಕಳು ಮರಿ ಬರುವಂಥ ಜಾಗ ಮಾಡುವುದು ಧಣಿಗಳ ಆಲೋಚನೆ. ಶಾಲೆಗಳಿಂದ ಬಸ್ಸುಗಟ್ಟಲೆ ಮಕ್ಕಳು ಬರಬೇಕು ಎಂಬುದು ಅವರ ಆಸೆ.

ಆಫೀಸಿನ ಬೋರ್ಡು, ಜಾಹೀರಾತು, ಕರೆಯೋಲೆಗಳನ್ನು ಬರೆಯುವವನು ನಾನು. ಪ್ರತಿ ಯಂತ್ರದ ಪಕ್ಕ ನೇತುಹಾಕಲು ಒಂದೊಂದು ಕಥೆ ಬೇಕೆಂದರು. ಅದಕ್ಕಾಗಿ ವಾರಕ್ಕೆರಡು ಸಲ ಕಂಪನಿಯ ವ್ಯಾನಿನಲ್ಲಿ ಮುಸಫ್ಫಾಕ್ಕೆ ಹೋಗಿ ಲಾರೆನ್ಸರ ಮುಂದೆ ನೋಟ್‌ಬುಕ್ ಹಿಡಿದು ಕೂರುತ್ತಿದ್ದೆ. ನಾನು ಬರೆದುಕೊಳ್ಳುವುದನ್ನು ನೋಡಿದರೆ ಅವರಿಗೆ ಖುಷಿ. ಓದಲು ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೆ ಹೇಳುವುದನ್ನು ಹೇಳಿ, ಕನ್ನಡಕ ಸರಿಮಾಡಿಕೊಂಡು, “ಬರ್ಕೊಂಡೆಯಾ? ಸರಿ,” ಎಂದು ಮುಂದಕ್ಕೆ ಹೋಗುವರು. ಬರೆದದ್ದೆಂದರೆ ನಿಂತಿತು, ಇನ್ನು ಅಲುಗುವುದಿಲ್ಲ ಎಂಬ ನಂಬಿಕೆ ಅವರದು.

ಜೂಕ್‌ಬಾಕ್ಸ್ ಎಂಬ ಹೆಸರು ಎಲ್ಲಿಂದ ಬಂತೆಂದು ಅವರು ಹೇಳಿದ್ದು ಹೀಗೆ.

ಅವರು ಅಬುಧಾಬಿಗೆ ಬಂದ ಹೊಸತರಲ್ಲಿ ಒಂದು ಎಣ್ಣೆ ಕಂಪನಿಯ ಕ್ಲಬ್ಬಿನಲ್ಲಿ ಇಂಥದೊಂದು ಪೆಟ್ಟಿಗೆ ಇತ್ತಂತೆ. ಅದನ್ನು ನೋಡಿಕೊಳ್ಳುತ್ತಿದ್ದವನು ಅಮೆರಿಕದ ತೆಂಕಣ ಕರಾವಳಿಯ ಒಬ್ಬ ಕಪ್ಪು ಜನಾಂಗದ ಮೆಕ್ಯಾನಿಕ್. ಅವನ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತುಂಬಿಕೊಂಡು ಹೋಗಿ ಹೊಲಗಳಲ್ಲಿ ದುಡಿಸಿದ್ದರು. ಆ ಜನ ತಮ್ಮೊಳಗೆ ಆಡುತ್ತಿದ್ದ ಒಂದು ಮಾತು ಉಂಟು, ಅರ್ಧ ಇಂಗ್ಲಿಷ್, ಅರ್ಧ ಅವರು ಬಿಟ್ಟು ಬಂದ ಊರುಗಳದು. ಆ ಮಾತಿನಲ್ಲಿ ಜೂಕ್ ಎಂದರೆ ಅಂಕೆಯಿಲ್ಲದ್ದು, ಗಲಾಟೆಯದ್ದು, ಮರ್ಯಾದಸ್ಥರು ಕಾಲಿಡದ್ದು. ದುಡಿದು ಸುಸ್ತಾದವರು ಸಂಜೆ ಸೇರಿ ಕುಡಿದು ಕುಣಿಯುತ್ತಿದ್ದ ಗುಡಿಸಲಂಗಡಿಗಳಿಗೆ ಆ ಹೆಸರು ಬಂತು. ವಾದ್ಯದವರನ್ನು ಕರೆಸುವ ತಾಕತ್ತಿಲ್ಲದ ಆ ಅಂಗಡಿಗಳಲ್ಲಿ ಕಾಸಿನ ಪೆಟ್ಟಿಗೆ ಬಂದು ಕೂತಿತು. ಹೆಸರು ಪೆಟ್ಟಿಗೆಗೂ ಅಂಟಿತು. ಪೆಟ್ಟಿಗೆ ಮಾಡುವ ಕಂಪನಿಗಳಿಗೆ ಆ ಹೆಸರು ಎಂದರೆ ಮುಜುಗರವಂತೆ, ಬಹಳ ಕಾಲ ಬಾಯಲ್ಲೇ ಆಡುತ್ತಿರಲಿಲ್ಲವಂತೆ.

“ನನ್ನ ಅಜ್ಜಿ ಬಯ್ಯುವಾಗ ಆ ಶಬ್ದ ಹೇಳ್ತಿದ್ದಳು ಅಂತ ಅವನು ನಗ್ತಿದ್ದ,” ಎಂದರು ಲಾರೆನ್ಸ್. “ದುಡಿದು ಬಂದವರ ಶಬ್ದ ಅದು ಹರೀಶ. ಚಂದ ಉಂಟಲ್ಲ? ಬರ್ಕೊ.”

ಬರೆದುಕೊಂಡೆ. ನನಗೂ ಚಂದವೆನಿಸಿತ್ತು, ಸುಳ್ಳು ಹೇಳುವುದಿಲ್ಲ. ಒಳ್ಳೆಯ ಇಂಗ್ಲಿಷಿನಲ್ಲಿ ತಿದ್ದಿ ಬರೆದು ಧಣಿಗಳ ಮೇಜಿನ ಮೇಲೆ ಇಟ್ಟೆ. ಯಾರು ಹೇಳಿದ್ದೆಂದು ಬರೆದಿರಲಿಲ್ಲ. ಅವರು ಅರ್ಧ ಓದಿ ಕಾಗದವನ್ನು ನನ್ನ ಕಡೆ ತಳ್ಳಿದರು.

“ಇದು ಎಂಥದು ಮಾರಾಯ? ಗುಲಾಮರು, ಕುಡಿತ, ಗಲಾಟೆ! ಫ್ಯಾಮಿಲಿ ಬರುವ ಜಾಗ ಅದು. ಶಾಲೆ ಮಕ್ಕಳು ಬರುವಲ್ಲಿ ಇದನ್ನು ಹಾಕ್ತಾರಾ? ಬೇರೆ ಏನಾದ್ರೂ ಒಳ್ಳೇದು ಇರ್ತದೆ, ಹುಡುಕು.”

ನಾನು ಹುಡುಕಲಿಲ್ಲ. ಇಲ್ಲೇ ನನ್ನ ಮೇಲೆ ನನಗೆ ಮೈ ಪರಚಿಕೊಳ್ಳುವಷ್ಟು ಸಿಟ್ಟು ಬರುವುದು. ‘ಇದೇ ನಿಜ ಸರ್, ಬೇಡವಾದರೆ ಹೆಸರಿನ ವಿಷಯ ಬಿಟ್ಟುಬಿಡೋಣ’ ಎನ್ನಬಹುದಿತ್ತು — ಹತ್ತು ಸೆಕೆಂಡಿನ ಮಾತು. ಅವರು ಬಿಟ್ಟುಬಿಡು ಎನ್ನುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನನಗೆ ಬರೆಯಲು ಬರುತ್ತದಲ್ಲ! ಮಧ್ಯಾಹ್ನ ಊಟದ ಡಬ್ಬಿ ಮುಚ್ಚುವುದರೊಳಗೆ ಬಡಗಿ ತಯಾರಾಗಿದ್ದ. ಕಣ್ಣು ಕಾಣದ ಮಗಳಿಗೆ ಸಂಗೀತ ಕೇಳುವಾಸೆ, ಸಭೆಗಳಿಗೆ ಕರೆದೊಯ್ಯಲು ಅಪ್ಪನಲ್ಲಿ ದುಡ್ಡಿಲ್ಲ, ಅವನೊಂದು ಪೆಟ್ಟಿಗೆ ಮಾಡಿದ, ಅವಳು ಮುಟ್ಟಿ ತಿಳಿಯಲೆಂದು ಕಾಸಿನ ಕಂಡಿ ಇಟ್ಟ. ಓದಿದವರ ಗಂಟಲು ಕಟ್ಟಬೇಕು ಹಾಗೆ ಬರೆದೆ. ಧಣಿಗಳಿಗೆ ತೋರಿಸಿದಾಗ ಅವರು ಎರಡು ಸಲ ಓದಿ, “ಇದು ಎಲ್ಲಿ ಸಿಕ್ಕಿತು?” ಎಂದು ಕೇಳಿದರು.

“ಲಾರೆನ್ಸ್ ಹತ್ರ ಕೇಳಿದೆ ಸರ್. ಅವರಿಗೆ ಗೊತ್ತಿತ್ತು.”

ಅಷ್ಟು ಸಲೀಸಾಗಿ ಬಂತು. ಕೇಳಿದವರಿಗೆ ತೂಕದ ಒಂದು ಹೆಸರು ಬೇಕಿತ್ತು, ನನ್ನ ಬಾಯಲ್ಲಿ ಹತ್ತಿರದಲ್ಲಿ ಇದ್ದದ್ದು ಆ ಹೆಸರು. ಮೊದಲ ತಪ್ಪು ಅದು. ಅದನ್ನು ತಪ್ಪು ಎಂದು ನಾನು ಆಗ ಎಣಿಸಿಯೂ ಇರಲಿಲ್ಲ.

ಬೋರ್ಡು ಅಚ್ಚಾಗಿ ಬಂದು ಗೋಡೆಗೆ ಏರಿದ ಮರುದಿನವೇ ಒಬ್ಬ ಮೇಡಂ ಬಂದರು. ಅಬುಧಾಬಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುವವರು, ಶಾಲೆಗಳಿಗೆ ಯಾವ ಜಾಗ ಮಕ್ಕಳನ್ನು ಕರೆದೊಯ್ಯಲು ಯೋಗ್ಯ ಎಂದು ಸಲಹೆ ಕೊಡುವವರು. ಧಣಿಗಳು ಕೋಟು ಹಾಕಿಕೊಂಡು ತಾವೇ ಮುಂದೆ ನಡೆದು ತೋರಿಸುತ್ತಿದ್ದರು. ಜೊತೆಗೆ ಮ್ಯಾನೇಜರು, ನಾನು. ಲಾರೆನ್ಸ್ ಅಂದು ಮುಸಫ್ಫಾದಿಂದ ಬಂದಿದ್ದರು, ದೊಡ್ಡ ಪೆಟ್ಟಿಗೆಯೊಂದು ಕಾಸು ನುಂಗುತ್ತಿತ್ತು, ಅದರ ಹಿಂದೆ ಕೂತು ಏನೋ ಬಿಗಿಮಾಡುತ್ತಿದ್ದರು.

ಮೇಡಂ ಬೋರ್ಡು ಓದಿದರು. ಮೆಲ್ಲಗೆ ನಕ್ಕರು. ಕೆಟ್ಟದಾಗಿ ಅಲ್ಲ, ಆದರೂ ನಕ್ಕರು. ಇಂಥ ಬಡಗಿಯನ್ನು ನಾನೆಲ್ಲೂ ಕೇಳಿಲ್ಲ, ಆ ಶಬ್ದ ಅಮೆರಿಕದ ಕರಾವಳಿಯ ಕಪ್ಪು ಜನರ ಮಾತಿನಿಂದ ಬಂದದ್ದು ಎನ್ನುತ್ತಾರೆ ತಿಳಿದವರು, ಮಕ್ಕಳ ಮುಂದೆ ಇಡುವಾಗ ಒಮ್ಮೆ ವಿಚಾರಿಸಬೇಕಿತ್ತು — ಎಂದು ಬಹಳ ಸೌಜನ್ಯದಿಂದ ಇಂಗ್ಲಿಷಿನಲ್ಲಿ ಹೇಳಿದರು. ಧಣಿಗಳ ಕಿವಿ ಕೆಂಪಾಯಿತು. ತಾವು ಅರ್ಧ ಓದಿ ತಳ್ಳಿದ ಕಾಗದ ಅವರಿಗೆ ನೆನಪಾಯಿತೋ ಇಲ್ಲವೋ, ನನ್ನ ಕಡೆ ತಿರುಗಿದರು.

“ಇದು ಯಾರು ಹೇಳಿದ್ದು ಹರೀಶ್?”

ಹೆಂಡತಿ ಮಗಳ ವೀಸಾ ಅದೇ ವಾರ ಆಗಬೇಕಿತ್ತು. ಮಗಳಿಗೆ ಆಗ ನಾಲ್ಕು ವರ್ಷ, ಅವಳ ಎರಡು ಹುಟ್ಟುಹಬ್ಬವನ್ನು ನಾನು ಫೋನಿನಲ್ಲೇ ನೋಡಿದ್ದೆ. ಇದನ್ನು ನೆಪಕ್ಕೆ ಬರೆಯುತ್ತಿಲ್ಲ. ಬರೆಯದೆ ಬಿಟ್ಟರೆ ಅದೂ ಇನ್ನೊಂದು ಸುಳ್ಳು, ಅಷ್ಟೇ.

“ಲಾರೆನ್ಸ್ ಹೇಳಿದ್ದು ಸರ್. ಅವರು ಹೇಳಿದ ಹಾಗೇ ಬರೆದದ್ದು ನಾನು.”

ಪೆಟ್ಟಿಗೆಯ ಹಿಂದಿನಿಂದ ಲಾರೆನ್ಸ್ ಎದ್ದು ಬಂದರು. ಕೈಯಲ್ಲಿ ಸ್ಕ್ರೂಡ್ರೈವರ್, ಹಣೆಯ ಮೇಲೆ ಮಸಿ. ಬೋರ್ಡಿನ ಹತ್ತಿರ ಹೋಗಿ ನಿಧಾನವಾಗಿ, ತುಟಿಯಲ್ಲೇ ಅಕ್ಷರ ಆಡಿಸುತ್ತ ಓದಿದರು. ಎಲ್ಲರೂ ಕಾಯುತ್ತಿದ್ದೆವು. ಓದಿ ಮುಗಿಸಿ ನನ್ನನ್ನು ನೋಡಿದರು.

“ನಾನಾ?”

“ನೀವೇ ಅಲ್ವಾ ಪೊರ್ಬುಲೆ,” ಎಂದೆ. “ಚಾ ಕುಡೀತಾ ಹೇಳಿದ್ದು. ನಾನು ಬರ್ಕೊಂಡಿದ್ದೇನೆ.” ಜೇಬಿನಲ್ಲಿದ್ದ ನೋಟ್‌ಬುಕ್ಕನ್ನು ತಟ್ಟಿಯೂ ತೋರಿಸಿದೆ. ಅದರೊಳಗೆ ಅವರು ಹೇಳಿದ ನಿಜವೇ ನನ್ನ ಕೈಬರಹದಲ್ಲಿ ಇತ್ತು. ಬಿಚ್ಚಿ ತೋರಿಸು ಎಂದು ಒಬ್ಬರಾದರೂ ಕೇಳಿದ್ದರೆ...

ಯಾರೂ ಕೇಳಲಿಲ್ಲ. ಲಾರೆನ್ಸ್ ಕನ್ನಡಕ ಸರಿಮಾಡಿಕೊಂಡರು. ಆಮೇಲೆ ಹೇಳಿದರು: “ಹೇಳಿರಬಹುದು. ನೀನು ಬರ್ಕೊಂಡಿದ್ದೀಯಲ್ಲ.”

ಮತ್ತೆ ಪೆಟ್ಟಿಗೆಯ ಹಿಂದೆ ಹೋಗಿ ಕೂತರು.

ಅವರ ವೀಸಾದ ಕಾಗದ ಮುಂದಕ್ಕೆ ಹೋಗಲಿಲ್ಲ. ಧಣಿಗಳು ಮ್ಯಾನೇಜರಿಗೆ ಹೇಳುತ್ತಿದ್ದಾಗ ನಾನು ಅದೇ ಕೋಣೆಯಲ್ಲಿದ್ದೆ. “ವಯಸ್ಸಾಯ್ತು. ತಲೆ ಕೂಡ ಕೈಕೊಡ್ಲಿಕ್ಕೆ ಸುರು ಆಗಿದೆ, ಮೊನ್ನೆ ಆ ಹೆಂಗಸಿನ ಎದುರು ಮರ್ಯಾದೆ ತೆಗೆದ್ರು. ಸಾಕು, ಖಲಾಸ್. ಊರಲ್ಲಿ ಆರಾಮ ಮಾಡ್ಲಿ.” ನಿಜ ಹೇಳಲು ನನಗೆ ಸಿಕ್ಕ ಎರಡನೆಯ ಅವಕಾಶ ಇದು. ಅದನ್ನೂ ನುಂಗಿಕೊಂಡೆ. ನನ್ನ ಮೇಜಿನ ಮೇಲೆ ಆಗಷ್ಟೇ ಬಂದಿದ್ದ ಹೆಂಡತಿ ಮಗಳ ವೀಸಾ ಪ್ರತಿಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ.

ತಿಂಗಳೊಳಗೆ ಅವರು ಹೊರಟರು. ಮುಸಫ್ಫಾದಲ್ಲಿ ಇಗರ್ಜಿಯವರು ಸೇರಿ ಬಿರಿಯಾನಿ ಮಾಡಿಸಿ ಕಳಿಸಿಕೊಟ್ಟರಂತೆ. ನಾನು ಹೋಗಲಿಲ್ಲ. ಜೆಬೆಲ್ ಅಲಿಯಲ್ಲಿ ಕೆಲಸವಿದೆ ಎಂದೆ. ಇರಲಿಲ್ಲ.

ಇನ್ನು ತಲೆ ಕೆಡಿಸುವ ಸಂಗತಿ ಕೇಳಿ. ಅವರು ಹೋದ ಮೇಲೆ ಬೋರ್ಡು ತೆಗೆಯೋಣವೇ ಎಂದು ನಾನು ಧಣಿಗಳನ್ನು ಕೇಳಿದೆ. ಅಷ್ಟೊತ್ತಿಗೆ ಮೂರ್ನಾಲ್ಕು ಜನ ಅದರ ಮುಂದೆ ನಿಂತು ವಿಡಿಯೋ ಮಾಡಿ ಹಾಕಿದ್ದರು, ಜನ ಅದನ್ನು ನೋಡಲೆಂದೇ ಬರತೊಡಗಿದ್ದರು. “ಇರಲಿ ಬಿಡು,” ಎಂದರು. “ಜನರಿಗೆ ಇಷ್ಟ ಆಗಿದೆ. ಯಾರು ಕೇಳ್ತಾರೆ?” ತಪ್ಪು ಹೇಳಿದನೆಂದು ಮನುಷ್ಯನನ್ನು ಕಳಿಸಿದರು. ತಪ್ಪನ್ನು ಮಾತ್ರ ಗೋಡೆಯ ಮೇಲೆ ಉಳಿಸಿಕೊಂಡು, ಅದಕ್ಕೊಂದು ದೀಪವನ್ನೂ ಹಾಕಿಸಿದರು.

ಈ ಆರು ವರ್ಷ ನಾನು ಏನು ಮಾಡಿದೆ ಗೊತ್ತೇ? ಲಾರೆನ್ಸರ ಮೇಲೆ ಸಿಟ್ಟು ಮಾಡಿಕೊಂಡೆ. ಹೌದು, ಅವರ ಮೇಲೆ. ಅಂದು ಯಾಕೆ ಬಾಯಿ ಬಿಡಲಿಲ್ಲ? ‘ಇವನು ಸುಳ್ಳು ಹೇಳುತ್ತಿದ್ದಾನೆ’ ಎಂದು ಒಂದು ಮಾತು ಅಂದಿದ್ದರೆ ಅಲ್ಲೇ ಇತ್ಯರ್ಥವಾಗುತ್ತಿತ್ತು. ನನ್ನ ಸಂಸಾರದ ವಿಷಯ ಅವರಿಗೆ ಗೊತ್ತಿತ್ತು, ಅದಕ್ಕೇ ನನ್ನನ್ನು ಕಾಪಾಡಿದರು ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಯಾರು ಕೇಳಿದ್ದರು ಇವರ ತ್ಯಾಗವನ್ನು? ತಾವು ದೊಡ್ಡವರಾಗಿ, ನನ್ನನ್ನು ಜೀವಮಾನವಿಡೀ ಚಿಕ್ಕವನನ್ನಾಗಿ ಮಾಡಿ ಹೋದರಲ್ಲ! ಹೊಸ ವರ್ಷಕ್ಕೆ, ಕ್ರಿಸ್‌ಮಸ್ಸಿಗೆ ಅವರ ಸಂದೇಶ ಬರುತ್ತಿತ್ತು. ಹೂವಿನ ಒಂದು ಚಿತ್ರ, ‘ದೇವರು ಒಳ್ಳೆಯದು ಮಾಡಲಿ’. ಅದನ್ನು ನೋಡಿದರೆ ನನಗೆ ಇನ್ನಷ್ಟು ಉರಿಯುತ್ತಿತ್ತು. ಹೂವಿನದ್ದೇ ಇನ್ನೊಂದು ಚಿತ್ರ ಹುಡುಕಿ ತಿರುಗಿ ಕಳಿಸುತ್ತಿದ್ದೆ.

ಹೋದ ಶನಿವಾರ ಬೆಳಿಗ್ಗೆ ನನ್ನ ಮಗಳು ಸಾನ್ವಿ — ಈಗ ಹತ್ತು ವರ್ಷ — ಊಟದ ಮೇಜಿನ ಮೇಲೆ ಬಣ್ಣದ ಕಾಗದ ಹರಡಿಕೊಂಡಿದ್ದಳು. ಶಾಲೆಯ ಪ್ರಾಜೆಕ್ಟು. ಒಂದು ಶಬ್ದ ಆರಿಸಿಕೊಂಡು ಅದು ಎಲ್ಲಿಂದ ಬಂತೆಂದು ಬರೆಯಬೇಕು. ಅವಳು ಆರಿಸಿದ್ದು ಯಾವುದೆಂದು ಬೇರೆ ಹೇಳಬೇಕೇ? ಅಪ್ಪನ ಆಫೀಸಿನ ಬೋರ್ಡು, ಅಪ್ಪ ಬರೆದದ್ದು, ಕ್ಲಾಸಿನಲ್ಲಿ ಹೆಮ್ಮೆ. ಬಡಗಿಯ ಚಿತ್ರ ಆಗಲೇ ಬರೆದಾಗಿತ್ತು, ಅವನ ಮಗಳಿಗೆ ಗುಲಾಬಿ ಲಂಗ ಹಾಕಿಸಿದ್ದಳು.

“ಪಪ್ಪಾ, ಟೀಚರ್ ವಾಂಟ್ಸ್ ಅ ಸೋರ್ಸ್,” ಎಂದಳು. “ಹೂ ಟೋಲ್ಡ್ ಯು?”

ಯಾರೂ ಅಲ್ಲ, ನಾನೇ ಕಟ್ಟಿದ್ದು ಎನ್ನಲು ಅಡ್ಡಿಯೇನಿತ್ತು? ಧಣಿಗಳಿರಲಿಲ್ಲ, ಮೇಡಂ ಇರಲಿಲ್ಲ. ಇದ್ದದ್ದು ಕೈಗೆ ಗೋಂದು ಮೆತ್ತಿಕೊಂಡ ನನ್ನ ಮಗಳು.

“ಲಾರೆನ್ಸ್ ಅಂಕಲ್ ಹೇಳಿದ್ದು,” ಎಂದೆ.

ಅವಳು ಬರೆದುಕೊಂಡಳು. ಬರೆದು, ಹಾಗಾದರೆ ಅವರಿಗೆ ಫೋನ್ ಮಾಡಿಕೊಡು, ನಾನೇ ಕೇಳುತ್ತೇನೆ, ಹೇಳಿದವರ ಜೊತೆ ಮಾತಾಡಿದರೆ ಜಾಸ್ತಿ ಅಂಕ ಎಂದಳು. ಮಧ್ಯಾಹ್ನ ಎಂದೆ. ಹನ್ನೊಂದು ಗಂಟೆಗೆ ಒಮ್ಮೆ ನೆನಪಿಸಿದಳು, ಹನ್ನೆರಡಕ್ಕೆ ಇನ್ನೊಮ್ಮೆ. ತಲೆಚಿಟ್ಟು ಹಿಡಿದು ಹೋಯಿತು. ಸಾಮಾನು ತರುತ್ತೇನೆಂದು ಹೇಳಿ ಕೆಳಗಿಳಿದು, ಕಾರಿನಲ್ಲಿ ಕೂತು, ಏಸಿ ಹಾಕಿಕೊಂಡು ಕಿನ್ನಿಗೋಳಿಗೆ ಫೋನ್ ಮಾಡಿದೆ. ತಪ್ಪೊಪ್ಪಿಕೊಳ್ಳಲು ಎಂದುಕೊಳ್ಳಬೇಡಿ. ಮಗಳು ಫೋನ್ ಮಾಡುತ್ತಾಳೆ, ಕೇಳಿದರೆ ಹೌದು ನಾನೇ ಹೇಳಿದ್ದು ಎಂದುಬಿಡಿ — ಇಷ್ಟು ಹೇಳಿಸಿಕೊಳ್ಳಲು ಮಾಡಿದ್ದು. ಇನ್ನೂ ಒಂದು ಸಲ ಅವರ ಹೆಸರು ಬೇಕಾಗಿತ್ತು ನನಗೆ.

“ಓ, ಹರೀಶ,” ಎಂದರು ಲಾರೆನ್ಸ್. ದನಿ ತೆಳ್ಳಗಾಗಿತ್ತು. ಆದರೆ ಖುಷಿ ಇತ್ತು. ನಾನು ವಿಷಯ ಹೇಳಿದೆ, ನಗುತ್ತ ಹೇಳಿದೆ, ಮಕ್ಕಳ ಕಾಟ ಎನ್ನುವ ಹಾಗೆ.

“ಹೇಳ್ತೇನೆ, ಅದಕ್ಕೇನುಂಟು,” ಎಂದರು. “ಆದ್ರೆ ಎಂಥ ಹೇಳ್ಬೇಕು ಅಂತ ನೀನೇ ಒಮ್ಮೆ ಹೇಳಿಬಿಡು. ಕಾಗದದಲ್ಲಿ ಬರ್ದು ಇಟ್ಕೊಳ್ತೇನೆ. ನನ್ನ ತಲೆಯನ್ನು ನಂಬ್ಲಿಕ್ಕಾಗುವುದಿಲ್ಲ ಈಗ. ಅವತ್ತು ಕೂಡ ಹಾಗೇ ಆಯ್ತಲ್ಲ. ಎಂಥದೋ ಹೇಳಿದ್ದೆ ಅಂತ ನಾನು ಎಣಿಸಿದ್ದು, ನಿನ್ನತ್ರ ಹೇಳಿದ್ದೇ ಬೇರೆ. ನೀನು ಬರ್ಕೊಂಡದ್ದು ಒಳ್ಳೇದಾಯ್ತು, ಇಲ್ಲಾಂದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ, ತಲೆ ಹೋಗ್ತಾ ಉಂಟು ಅಂತ.”

ಅವರು ಮುಂದುವರಿಸಿದರು. ಅಲ್ಲಿಂದ ಈಚೆಗೆ ಯಾವ ಯಂತ್ರವನ್ನೂ ಬಿಚ್ಚಿಲ್ಲವಂತೆ. ಬಿಚ್ಚಿ, ಯಾವ ತಂತಿ ಎಲ್ಲಿ ಎಂದು ಮರೆತು, ಮಕ್ಕಳಿರುವ ಮನೆಯಲ್ಲಿ ಯಾರಿಗಾದರೂ ಕರೆಂಟು ಹೊಡೆದರೆ? ಮನೆಯ ಫ್ಯೂಸ್ ಹೋದರೂ ಹೊರಗಿನಿಂದ ಜನ ಕರೆಸುತ್ತಾರಂತೆ. ತಮ್ಮನ ಸೊಸೆ ಜೆನಿಟಾ ಒಳ್ಳೆಯವಳು, ಮಾತ್ರೆಗಳನ್ನು ದಿನದ ಲೆಕ್ಕದಲ್ಲಿ ಡಬ್ಬಿಗೆ ಹಾಕಿಕೊಡುತ್ತಾಳೆ, ಒಬ್ಬರನ್ನೇ ಪೇಟೆಗೆ ಬಿಡುವುದಿಲ್ಲ. “ನಾನೇ ಹೇಳಿದ್ದು ಅವಳಿಗೆ, ನನ್ನ ತಲೆ ಸರಿ ಇಲ್ಲ ಅಂತ,” ಎಂದರು, ಹವಾಮಾನದ ವಿಷಯ ಹೇಳಿದಂತೆ.

ಅವರು ನನ್ನನ್ನು ಕಾಪಾಡಿರಲಿಲ್ಲ. ತ್ಯಾಗವೂ ಇಲ್ಲ, ದೊಡ್ಡತನವೂ ಇಲ್ಲ. ನನ್ನ ಮಾತನ್ನು ನಂಬಿದ್ದರು, ಅಷ್ಟೇ. ನಾನು ಜೇಬು ತಟ್ಟಿ ತೋರಿಸಿದಾಗ ಆ ಮನುಷ್ಯ ತನ್ನ ನೆನಪನ್ನು ಕೆಳಗಿಟ್ಟು ನನ್ನ ನೋಟ್‌ಬುಕ್ಕನ್ನು ನಂಬಿದರು. ಕಾಸಿನ ಸದ್ದು ಕೇಳಿ ಯಂತ್ರದ ಹೊಟ್ಟೆಯೊಳಗಿನ ಕಾಯಿಲೆ ಹೇಳುತ್ತಿದ್ದವರು ಆರು ವರ್ಷದಿಂದ ಒಂದು ಫ್ಯೂಸ್ ಮುಟ್ಟಲು ಹೆದರುತ್ತಿದ್ದಾರೆ. ನಾನು ಇಲ್ಲಿ ಕೂತು ಅವರ ಮೇಲೆ ಸಿಟ್ಟು ಮಾಡುತ್ತಿದ್ದೆ.

“ಪೊರ್ಬುಲೆ,” ಎಂದೆ. “ನೀವು ಹಾಗೆ ಹೇಳಿರಲಿಲ್ಲ.”

“ಎಂಥದು?”

“ಬಡಗಿಯ ಕಥೆ ನೀವು ಹೇಳಿದ್ದಲ್ಲ. ನಾನು ಕಟ್ಟಿದ್ದು. ನೀವು ಹೇಳಿದ್ದು ಆ ಎಣ್ಣೆ ಕಂಪನಿಯ ಕ್ಲಬ್ಬಿನ ಮೆಕ್ಯಾನಿಕ್, ಅವನ ಅಜ್ಜಿಯ ಮಾತು, ದುಡಿದು ಬಂದವರ ಅಂಗಡಿ. ಮೇಡಂ ಹೇಳಿದ್ದೂ ಅದನ್ನೇ. ನೀವು ಹೇಳಿದ್ದೇ ಸರಿ ಇತ್ತು. ನನ್ನ ನೋಟ್‌ಬುಕ್ಕಿನಲ್ಲಿ ಹಾಗೇ ಉಂಟು, ಈಗಲೂ ಉಂಟು. ಅವತ್ತು ನಾನು ಸುಳ್ಳು ಹೇಳಿದೆ.”

ಆ ಕಡೆ ಎಲ್ಲೋ ಪ್ರೆಶರ್ ಕುಕ್ಕರು ಕೂಗಿತು. ಬಯ್ಯಲಿ ಎಂದು ಕಾಯುತ್ತಿದ್ದೆ. ಬಯ್ದಿದ್ದರೆ ಹಗುರಾಗುತ್ತಿತ್ತೇನೋ.

“ಹಾಗಾದ್ರೆ ನಾನು ಸರಿಯೇ ಹೇಳಿದ್ದಾ?” ಎಂದು ಕೇಳಿದರು.

“ಸರಿಯೇ ಹೇಳಿದ್ದಿರಿ.”

“ಅಜ್ಜಿಯ ವಿಷಯ?”

“ಅದೂ ಹೇಳಿದ್ದಿರಿ. ಬಯ್ಯುವಾಗ ಆ ಶಬ್ದ ಹೇಳ್ತಿದ್ದಳು ಅಂತ.”

“ಹೌದು,” ಎಂದರು. “ಹೌದು. ಅವನು ನಗ್ತಿದ್ದ.” ನಾನು ಕ್ಷಮೆ ಎಂಬ ಶಬ್ದ ಹೇಳಿದೆ. ಅದು ಅವರಿಗೆ ಕೇಳಿಸಿತೋ ಇಲ್ಲವೋ. ಅವರು ಫೋನನ್ನು ಬಾಯಿಂದ ದೂರ ಹಿಡಿದು ಕೊಂಕಣಿಯಲ್ಲಿ ಜೆನಿಟಾಳನ್ನು ಕೂಗುತ್ತಿದ್ದರು, ತಮ್ಮನನ್ನೂ ಕೂಗಿದರು, ಟೀವಿ ನಿಲ್ಲಿಸಲು ಹೇಳಿದರು. ಕುರ್ಚಿ ಎಳೆದ ಸದ್ದು, ಚಪ್ಪಲಿಗಳ ಸದ್ದು.

“ಸ್ಪೀಕರಿಗೆ ಹಾಕಿದ್ದೇನೆ,” ಎಂದರು. “ಈಗ ಇನ್ನೊಮ್ಮೆ ಹೇಳು ಹರೀಶ. ಮೊದಲಿಂದ. ಇವರಿಗೆಲ್ಲ ಕೇಳಬೇಕು.”

ಹೇಳಿದೆ. ಹೆಸರು, ಬೋರ್ಡು, ಮೇಡಂ, ಜೇಬು ತಟ್ಟಿದ್ದು, ಧಣಿಗಳ ಕೋಣೆಯಲ್ಲಿ ಬಾಯಿ ಮುಚ್ಚಿ ಕೂತದ್ದು, ಇವತ್ತು ಯಾಕೆ ಫೋನ್ ಮಾಡಿದೆ ಎಂಬುದನ್ನೂ ಬಿಡದೆ ಹೇಳಿದೆ. ಮುಗಿಸಿದ ಮೇಲೆ ಲಾರೆನ್ಸ್, “ಕೇಳಿತಾ?” ಎಂದದ್ದು ಕೇಳಿಸಿತು. ನನಗೆ ಹೇಳಿದ್ದಲ್ಲ ಅದು.

ಆಮೇಲೆ ಹೆಣ್ಣು ದನಿಯೊಂದು ಫೋನಿನ ಹತ್ತಿರ ಬಂತು. ಜೆನಿಟಾ ಇರಬೇಕು.

“ಇದನ್ನು ನೀವು ಆಗಲೇ ಹೇಳಬಹುದಿತ್ತಲ್ಲ?”

“ಹೇಳಬಹುದಿತ್ತು,” ಎಂದೆ.